ಎರಡು ಕೀಲಿನ ಮೇಲೆ ನಿಲ್ಲುವ ಬಾಗಿಲು

ಗ್ಯಾರೇಜಿನ ಅಗಲವಾದ ಬಾಗಿಲು ಗರಗರನೆ ಮೇಲೇರಿ ಸೂರಿನೊಳಗೆ ಸೇರಿಕೊಳ್ಳುತ್ತಿದ್ದ ಹಾಗೆ ಮೊದಲು ಮೂಗಿಗೆ ಬಡಿಯುವುದು ಹಸಿ ಪೇಂಟಿನ ವಾಸನೆ. ಅದರ ಬೆನ್ನಿಗೇ ಈಗಷ್ಟೇ ಕೊಯ್ದ ಪೈನ್ ಹಲಗೆಯ ರಾಳದ ಘಮ, ಅಡುಗೆಮನೆಯ ಕಡೆಯಿಂದ ಫಿಲ್ಟರ್ ಕಾಫಿಯ ಪರಿಮಳ. ಬನ್ನಿ, ಇಲ್ಲೇ ವಾಷಿಂಗ್ ಮೆಷಿನ್ನಿನ ಪಕ್ಕ ನಿಂತುಕೊಳ್ಳಿ. ನೆಲಕ್ಕೆ ಹಾಸಿದ ಹಳೇ ಬೆಡ್‌ಶೀಟಿನ ಮೇಲೆ ಬಿಳಿ ಹನಿಗಳಿವೆ, ತುಳಿಯದಿದ್ದರೆ ಸಾಕು. ಎರಡು ಮರದ ಸ್ಟ್ಯಾಂಡುಗಳ ಮೇಲೆ ಬಿಡಿಸಿ ಮಲಗಿಸಿದ ಬಾಗಿಲಿನ ಅಂಚಿಗೆ ಒಬ್ಬಾಕೆ ಬ್ರಷ್ ಎಳೆಯುತ್ತಿದ್ದಾಳೆ. ಮುಖಕ್ಕೆ ಬಳಿದದ್ದು ರಾತ್ರಿಯೇ ಒಣಗಿದೆ. ಈಗ ಉಳಿದಿರುವುದು ಮೇಲಿನ ಅಂಚು, ಕೆಳಗಿನ ಅಂಚು. ಬಾಗಿಲು ನಿಂತ ಮೇಲೆ ಯಾರ ಕಣ್ಣಿಗೂ ಬೀಳದ ಜಾಗ. ಆದರೂ ಆಕೆ ಅಲ್ಲಿಗೇ ಎರಡು ಕೈ ಬಳಿಯುತ್ತಾಳೆ, ಏಕೆಂದರೆ ಇಂಥ ಬಾಗಿಲುಗಳಿಗೆ ತೇವ ನುಗ್ಗುವುದು ಆ ಅಂಚುಗಳಿಂದಲೇ.

ಇದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಬೀದಿಯ ತುದಿಗೆ ನೋಡಿದರೆ ಮಿಷನ್ ಪೀಕ್ ಗುಡ್ಡ, 2,500 ಅಡಿಗೂ ಮಿಕ್ಕಿದ ಎತ್ತರ. ಚಳಿಗಾಲದ ಮಳೆಗೆ ಹಸುರಾಗುವ ಅದರ ಮೈ ಈ ಸೆಪ್ಟೆಂಬರಿನಲ್ಲಿ ಒಣಹುಲ್ಲಿನ ಬಂಗಾರ ಬಣ್ಣಕ್ಕೆ ತಿರುಗಿದೆ. ಸುತ್ತಲಿನ ಐದು ಸಣ್ಣ ಊರುಗಳು 1956ರಲ್ಲಿ ಒಂದಾಗಿ ಹುಟ್ಟಿದ ಪಟ್ಟಣವಿದು. ಆಮೇಲಿನ ವರ್ಷಗಳಲ್ಲಿ ಹಣ್ಣಿನ ತೋಟಗಳೂ ತರಕಾರಿ ಹೊಲಗಳೂ ಹಿಂದೆ ಸರಿದು, ಒಂದೇ ಅಂತಸ್ತಿನ, ತಗ್ಗು ಮಾಡಿನ ಮನೆಗಳು ಸಾಲಾಗಿ ಎದ್ದವು. 1974ರಲ್ಲಿ ಕಟ್ಟಿದ ಈ ಮನೆಯೂ ಅವುಗಳಲ್ಲೊಂದು. ಮನೆಯಾಕೆ ತೀರ್ಥಹಳ್ಳಿ ಕಡೆಯವಳು, ಮನೆಯಾತ ಮೈಸೂರಿನವನು. ಮೂರನೇ ಕ್ಲಾಸಿನ ಮಗಳೊಬ್ಬಳಿದ್ದಾಳೆ. ಊರಿನಿಂದ ಬಂದಿರುವ ಮನೆಯಾಕೆಯ ಅಪ್ಪಯ್ಯ, ಅಡಿಕೆ ತೋಟದ ಕೃಷಿಕರು, ಖಾಲಿ ಪೇಂಟಿನ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಮಗಳ ಕೈಯನ್ನೇ ನೋಡುತ್ತಿದ್ದಾರೆ.

ಕೆಲಸ ಇರುವುದು ಒಳಗಿನ ಮಲಗುವ ಕೋಣೆಯಲ್ಲಿ. ಅಮೆರಿಕದ ಮನೆಗಳಲ್ಲಿ ಬಟ್ಟೆಯ ಕಪಾಟು ಬೇರೆ ಪೀಠೋಪಕರಣವಲ್ಲ, ಗೋಡೆಯಲ್ಲೇ ಬಿಟ್ಟ ಎರಡು ಅಡಿ ಆಳದ ಗೂಡು. ಅದನ್ನು ಇಲ್ಲಿನವರು ಕ್ಲಾಸೆಟ್ ಎನ್ನುತ್ತಾರೆ, ನಮ್ಮವರೂ ಹಾಗೇ ಅನ್ನುತ್ತಾರೆ. ಈ ಕೋಣೆಯ ಕ್ಲಾಸೆಟ್ಟಿನ ಬಾಯಿ ಐದು ಅಡಿ ಅಗಲ. ಅದಕ್ಕೆ ನೆಲದಿಂದ ಮೇಲಿನವರೆಗೂ ಎರಡು ಕನ್ನಡಿ ಬಾಗಿಲುಗಳು, ಹಿತ್ತಾಳೆ ಬಣ್ಣದ ಅಲ್ಯೂಮಿನಿಯಂ ಚೌಕಟ್ಟು, ಕೆಳಗೆ ಹಳಿಯ ಮೇಲೆ ಉರುಳುವ ಸಣ್ಣ ಗಾಲಿಗಳು. ಕನ್ನಡಿಯ ಅಂಚಿನಲ್ಲಿ ರಸ ಕಳಚಿ ಕಪ್ಪು ಚುಕ್ಕೆಗಳು ಹಬ್ಬಿವೆ. ಗಾಲಿಗಳು ಸವೆದು, ಎಳೆದಾಗ ಮೊದಲು ಕಿರುಗುಟ್ಟಿ, ಆಮೇಲೆ ತಟ್ಟನೆ ಜಾರುತ್ತವೆ.

ಸದ್ದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಜಾರುವ ಬಾಗಿಲುಗಳು ಒಂದರ ಹಿಂದೆ ಒಂದು ಸರಿಯುತ್ತವೆ, ಹಾಗಾಗಿ ಯಾವಾಗ ತೆರೆದರೂ ಕಾಣುವುದು ಅರ್ಧ ಕಪಾಟು ಮಾತ್ರ. ಎಡಗಡೆಯದು ಬೇಕೆಂದರೆ ಬಲಗಡೆಯದನ್ನು ಮುಚ್ಚಬೇಕು. ಎರಡರ ಅಂಚು ಕೂಡುವ ನಟ್ಟನಡುವೆ ಇಟ್ಟದ್ದಂತೂ ಎತ್ತ ಎಳೆದರೂ ಅರೆಬರೆ. ಮನೆಯಾಕೆಯ ರೇಷ್ಮೆ ಸೀರೆಗಳ ಅಟ್ಟಿ ಇರುವುದು ಸರಿಯಾಗಿ ಅಲ್ಲಿ, ನಡುವಿನ ಶೆಲ್ಫಿನಲ್ಲಿ. ಮದುವೆಯಲ್ಲಿ ಬಂದ ಮೈಸೂರು ರೇಷ್ಮೆ, ಅತ್ತೆ ಉಟ್ಟು ಕೊಟ್ಟ ಇಳಕಲ್ಲು, ನಡುನಡುವೆ ಲಾವಂಚದ ಬೇರು. ಯುಗಾದಿಗೆ ಒಂದು, ರಾಜ್ಯೋತ್ಸವಕ್ಕೆ ಒಂದು ಎಂದು ಹೊರಬರಬೇಕಾದ ಸೀರೆಗಳು ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಮಡಿಕೆಯಲ್ಲೇ ಉಳಿದಿವೆ. ಕಣ್ಣಿಗೆ ಕಾಣದ ಬಟ್ಟೆಯನ್ನು ಯಾರೂ ಉಡುವುದಿಲ್ಲ. ಬಾಗಿಲು ಬದಲಾಯಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ ಎಂದೇ ನನಗನ್ನಿಸುತ್ತದೆ.

ಮಡಚುವ ಬಾಗಿಲು ಹಾಗಲ್ಲ. ಎರಡೆರಡು ಹಲಗೆಗಳು ಕೀಲಿನಿಂದ ಕೂಡಿಕೊಂಡ ಎರಡು ಜೋಡಿ, ಒಂದು ಎಡಗೋಡೆಗೆ, ಇನ್ನೊಂದು ಬಲಗೋಡೆಗೆ ಮಡಚಿ ಸರಿದು ನಿಲ್ಲುತ್ತವೆ. ಮಡಚಿದ ಹಲಗೆಗಳ ದಪ್ಪವನ್ನು ಎರಡೂ ಕಡೆ ಕಳೆದರೆ ನಾಲ್ಕೂವರೆ ಅಡಿಗೆ ತುಸು ಕಡಿಮೆ ಬಾಯಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಅದಕ್ಕೆ ತೆರಬೇಕಾದ್ದೂ ಇದೆ: ತೆರೆದಾಗ ಹಲಗೆ ಕೋಣೆಯ ಕಡೆಗೆ ಹದಿನೈದು ಇಂಚಿನಷ್ಟು ಚಾಚುತ್ತದೆ. ಮಂಚ ಅಷ್ಟು ಹತ್ತಿರವಿದ್ದರೆ ಈ ಬಾಗಿಲಿನ ಆಸೆಯನ್ನೇ ಬಿಡಬೇಕು. ಇಲ್ಲಿ ಮಂಚಕ್ಕೂ ಕಪಾಟಿಗೂ ನಡುವೆ ಒಬ್ಬರು ಆರಾಮಾಗಿ ಓಡಾಡುವಷ್ಟು ಜಾಗವಿದೆ. ಬಾಗಿಲಿನ ಪೆಟ್ಟಿಗೆ ಕೊಳ್ಳುವ ಮೊದಲೇ ಮನೆಯಾಕೆ ನೆಲದ ಮೇಲೆ ನೀಲಿ ಟೇಪು ಅಂಟಿಸಿ ಆ ಹದಿನೈದು ಇಂಚನ್ನು ಗುರುತು ಮಾಡಿಕೊಂಡು, ಅದರ ಆಚೆಗೇ ನಡೆದಾಡಿ ನೋಡಿದ್ದಳು.

ಈಗ ಕನ್ನಡಿ ಇಳಿಸುವ ಹೊತ್ತು. ಕೋಣೆಗೆ ಬನ್ನಿ, ಆದರೆ ಬಾಗಿಲಲ್ಲೇ ನಿಲ್ಲಿ. ಮಗುವನ್ನು ಆಗಲೇ ಹೊರಗೆ ಕಳಿಸಿಯಾಗಿದೆ. ಮನೆಯಾಕೆ, ಮನೆಯಾತ ಇಬ್ಬರ ಕೈಗೂ ದಪ್ಪ ಗ್ಲೌಸು, ಕಾಲಿಗೆ ಶೂ. ಕನ್ನಡಿಯ ಮೈಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಟೇಪು ಅಂಟಿಸಿದ್ದಾರೆ. ಹಳೆಯ ಗಾಜು ಒಡೆದರೆ ಉದ್ದುದ್ದ ಚೂರಾಗಿ ಬೀಳುತ್ತದೆ, ಟೇಪಿದ್ದರೆ ಚೂರುಗಳು ಅಲ್ಲಲ್ಲೇ ಹಿಡಿದುಕೊಳ್ಳುತ್ತವೆ. ಮೊದಲು ಹೊರಗಿನ ಬಾಗಿಲು. ಚೌಕಟ್ಟಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರೆ ಕೆಳಗಿನ ಗಾಲಿ ಒಳಕ್ಕೆ ಸರಿಯುತ್ತದೆ. ಆಮೇಲೆ ಇಡೀ ಬಾಗಿಲನ್ನು ಮೇಲಿನ ಕಾಲುವೆಯೊಳಕ್ಕೆ ಎತ್ತಿ, ಕೆಳಗಿನ ತುದಿಯನ್ನು ಹಳಿಯ ಅಂಚು ದಾಟಿಸಿ ತಮ್ಮ ಕಡೆಗೆ ಎಳೆದುಕೊಳ್ಳಬೇಕು.

"ಮಾವ, ನೀವು ಕೂತ್ಕೊಳ್ಳಿ, ನಾವಿಬ್ಬರೇ ಎತ್ತುತೀವಿ."

"ನಾನು ಎತ್ತೂದಿಲ್ಲ. ನೀವು ಮೇಲೆ ಹಿಡೀರಿ, ಅವಳು ಕೆಳಗೆ ನೋಡ್ಕೊಳ್ಳಲಿ. ಹಿಂದೆ ಮಂಚದ ಕಾಲಿದೆ ಅಂತ ಹೇಳಕ್ಕೆ ಒಬ್ಬ ಬೇಕಲ್ಲ."

ಬಾಗಿಲು ಮೇಲೆದ್ದಿತು, ಓಲಿತು, ಹೊರಬಂತು. ಕನ್ನಡಿಯಲ್ಲಿ ಕಿಟಕಿ, ಕಿಟಕಿಯಾಚೆಯ ಗುಡ್ಡ, ಬಕೆಟ್ ಹಿಡಿದು ನಿಂತ ಅಪ್ಪಯ್ಯ, ಎಲ್ಲ ಒಮ್ಮೆ ವಾಲಿ ನೆಟ್ಟಗಾದವು. ಎರಡನೆಯದನ್ನೂ ಇಳಿಸಿ ಗ್ಯಾರೇಜಿನ ಗೋಡೆಗೆ ಒರಗಿಸಿ ಬಂದು ನೋಡಿದರೆ ಕೋಣೆ ತಟ್ಟನೆ ಚಿಕ್ಕದಾಗಿದೆ. ಕನ್ನಡಿ ಇಷ್ಟು ವರ್ಷ ಅದನ್ನು ಎರಡು ಪಟ್ಟು ಮಾಡಿ ತೋರಿಸುತ್ತಿತ್ತು. ಒಳಗೆ ಇಣುಕಿದ ಮಗು, "ನಾನು ಡ್ಯಾನ್ಸ್ ಎಲ್ಲಿ ನೋಡ್ಕೊಳ್ಳೋದು?" ಎಂದು ಕೇಳಿತು. ಯಾರ ಹತ್ತಿರವೂ ಉತ್ತರವಿರಲಿಲ್ಲ. ಈ ಅದಲುಬದಲಿನಲ್ಲಿ ಕಳೆದುಕೊಳ್ಳುವುದೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ.

ಹಳಿ ಕಿತ್ತ ಮೇಲೆ ನೆಲದ ನಿಜ ಹೊರಗೆ ಬಿತ್ತು. ಈ ಮನೆ ನಿಂತಿರುವುದು ಕಾಂಕ್ರೀಟ್ ಹಾಸಿನ ಮೇಲೆ. ಕಾರ್ಪೆಟ್ಟನ್ನು ಹಳಿಯ ಈಚೆಗೊಮ್ಮೆ, ಆಚೆಗೊಮ್ಮೆ ಕತ್ತರಿಸಿ ಹಾಸಿದ್ದರಿಂದ ನಡುವೆ ಮೂರು ಇಂಚಿನ ಬೋಳು ಪಟ್ಟಿ, ಒಣಗಿದ ಅಂಟು, ತುಕ್ಕು ಹಿಡಿದ ಸ್ಕ್ರೂ, ಎಂದೋ ಬಿದ್ದು ಸಿಕ್ಕಿಕೊಂಡ ಒಂದು ಕಿವಿಯೋಲೆಯ ತಿರುಪು. ಕಾರ್ಪೆಟ್ಟಿನ ಅಂಚಿನಡಿಯಲ್ಲಿ ಚೂಪು ಮೊಳೆಗಳ ಸಾಲಿರುವ ಪಟ್ಟಿಯೊಂದು ಅಡಗಿರುತ್ತದೆ, ಬರಿಗೈ ಇಟ್ಟರೆ ರಕ್ತ. ಮನೆಯಾಕೆ ಮೊಣಕಾಲೂರಿ ಅಂಟನ್ನು ಕೆರೆದು ತೆಗೆದಳು. ಆಮೇಲೆ ಕಾಲು ಇಂಚು ದಪ್ಪದ ಓಕ್ ಮರದ ಪಟ್ಟಿಯೊಂದನ್ನು ಆ ಬೋಳಿನ ಉದ್ದಕ್ಕೂ ಅಂಟಿಸಿ, ಮೇಲೆ ಪುಸ್ತಕಗಳ ಭಾರ ಹೇರಿದಳು.

"ಹೊಸ್ತಿಲು ಇಟ್ಟ ಹಾಗಾಯ್ತು" ಎಂದರು ಅಪ್ಪಯ್ಯ.

ಅಂಟು ಹಿಡಿಯುವ ತನಕ ಕಾಫಿ. ಆ ಬಿಡುವಿನಲ್ಲಿ ಅಳತೆಯ ಟೇಪು ಹೊರಬಂತು. ನೋಡುತ್ತಾ ನೋಡುತ್ತಾ ನನಗೆ ಖಚಿತವಾದದ್ದು ಇದು: ಬಾಗಿಲು ಕೂರಿಸುವ ಕೆಲಸದಲ್ಲಿ ಬಾಗಿಲಿಗಿಂತ ಬಾಯಿಯದೇ ಹೆಚ್ಚು ಪಾಲು. ಬಾಗಿಲು ಕಾರ್ಖಾನೆಯಿಂದ ಬಂದದ್ದು, ಅದರ ಮೂಲೆ ಮೂಲೆಯೂ ಕರಾರುವಾಕ್ಕು. ಬಾಯಿ ಹಾಗಲ್ಲ, ಅದು ಐವತ್ತು ವರ್ಷ ಬದುಕಿದೆ. ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಅಗಲ ಅಳೆದು ಮೂರರಲ್ಲಿ ಚಿಕ್ಕದನ್ನು ನಂಬಬೇಕು. ಎತ್ತರವನ್ನೂ ಎಡಕ್ಕೆ, ನಡುವಿಗೆ, ಬಲಕ್ಕೆ ಅಳೆಯಬೇಕು. ಎಡಗೋಡೆಗೆ ಉದ್ದನೆಯ ಲೆವೆಲ್ ಹಿಡಿದಾಗ ಗಾಳಿಗುಳ್ಳೆ ಗೆರೆಯೊಳಗೆ ನಿಲ್ಲಲಿಲ್ಲ. ಅಪ್ಪಯ್ಯ ಎದ್ದು ಬಂದರು. ಒಂದು ಕಣ್ಣು ಮುಚ್ಚಿ ಗೋಡೆಯ ಅಂಚನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಎರಡು ನೂಲು ವಾಲಿದೆ ಕಣೇ."

ಟೇಪು ಹಿಡಿದು ನೋಡಿದರೆ ಸರಿಯಾಗಿ ಕಾಲು ಇಂಚು. ನಮ್ಮ ಬಡಗಿಗಳ ನೂಲು ಇಂಚಿನ ಎಂಟನೇ ಒಂದು ಪಾಲು. ಅಮೆರಿಕದ ಟೇಪಿನ ಗೆರೆಗಳೂ ಇಂಚನ್ನು ಎಂಟಾಗಿ, ಹದಿನಾರಾಗಿ ಸೀಳುತ್ತವೆ. ಮಾವನ ಲೆಕ್ಕಕ್ಕೂ ಅಳಿಯನ ಲೆಕ್ಕಕ್ಕೂ ಬೇರೆ ಕೋಷ್ಟಕ ಬೇಕಾಗಲಿಲ್ಲ.

ಗೋಡೆ ವಾಲುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಇಲ್ಲಿಯ ಜೇಡಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಇದೇ ಊರಿನ ಅಡಿಯಲ್ಲಿ ಹೇವರ್ಡ್ ಬಿರುಕು ಹಾದುಹೋಗಿದೆ. ಭೂಕಂಪವಾಗದ ದಿನಗಳಲ್ಲೂ ಅದು ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಸರಿಯುತ್ತಲೇ ಇರುತ್ತದೆ, ಅದರ ಮೇಲಿನ ಫುಟ್‌ಪಾತುಗಳ ಅಂಚು ಮುರಿದು ಪಕ್ಕಕ್ಕೆ ಸರಿದಿರುವುದನ್ನು ಕಣ್ಣಾರೆ ನೋಡಬಹುದು. ಗೋಡೆ ಇಟ್ಟಿಗೆಯದೂ ಅಲ್ಲ. ಹದಿನಾರು ಇಂಚಿಗೊಂದರಂತೆ ನಿಲ್ಲಿಸಿದ ಮರದ ಕಂಬಗಳು, ಅವುಗಳ ಮೇಲೆ ಅರ್ಧ ಇಂಚಿನ ಜಿಪ್ಸಂ ಹಲಗೆ. ಅಪ್ಪಯ್ಯ ಬೆರಳಿನಿಂದ ತಟ್ಟುತ್ತಾ ಹೋದರು: ಡೊಬ್, ಡೊಬ್, ಡೊಬ್, ಆಮೇಲೆ ಗಟ್ಟಿಯಾಗಿ ಟಕ್. ಮರ ಇರುವುದು ಅಲ್ಲಿ. ಸ್ಕ್ರೂ ಹಿಡಿಯುವುದೂ ಅಲ್ಲೇ. ಬರೀ ಜಿಪ್ಸಮ್ಮಿಗೆ ಬಾಗಿಲು ತೂಗುಹಾಕಿದರೆ ಒಂದು ತಿಂಗಳೂ ನಿಲ್ಲುವುದಿಲ್ಲ. 1978ಕ್ಕಿಂತ ಹಿಂದಿನ ಅಮೆರಿಕದ ಮನೆಗಳಲ್ಲಿ ಕೆರೆಯುವ, ಉಜ್ಜುವ ಮೊದಲು ಇನ್ನೊಂದು ಎಚ್ಚರ ಬೇಕು. ಮನೆಗೆ ಬಳಿಯುವ ಸೀಸದ ಪೇಂಟನ್ನು ನಿಷೇಧಿಸಿದ್ದು ಆ ವರ್ಷ. ಅಂಗಡಿಯಲ್ಲಿ ಸಿಗುವ ಪರೀಕ್ಷೆಯ ಕಡ್ಡಿಯಿಂದ ಈ ಗೋಡೆಯನ್ನು ಮೊದಲೇ ಉಜ್ಜಿ ನೋಡಿದ್ದಾರೆ, ಬಣ್ಣ ಬದಲಾಗಲಿಲ್ಲ.

ಎತ್ತರ ಬಂದದ್ದು ಎಂಬತ್ತೊಂದೂವರೆ ಇಂಚು. ಅದು ಹೆಚ್ಚಾಯಿತು. ಪೆಟ್ಟಿಗೆಯ ಮೇಲೆ ಎಂಬತ್ತು ಇಂಚು ಎಂದು ಬರೆದಿದ್ದರೂ ಒಳಗಿನ ಬಾಗಿಲು ಎಪ್ಪತ್ತೊಂಬತ್ತೇ. ಮೇಲಿನ ಟ್ರ್ಯಾಕಿಗೂ ಕೆಳಗಿನ ಕೀಲಿಗೂ ಜಾಗ ಬಿಟ್ಟ ಲೆಕ್ಕವದು. ಮೂವತ್ತು ಇಂಚು ಅಗಲದ್ದು ಎಂದರೆ ಇಪ್ಪತ್ತೊಂಬತ್ತೂವರೆ. ಮರದಂಗಡಿಯ ಹಲಗೆಗಳೂ ಹೀಗೇ: ಒಂದು ಇಂಚಿನದು ಎಂದು ಕೇಳಿದರೆ, ಒಣಗಿಸಿ ಕೀಸಿದ ಮೇಲೆ ಉಳಿದ ಮುಕ್ಕಾಲು ಇಂಚು ಕೈಗೆ ಬರುತ್ತದೆ. ಇವತ್ತು ಆ ಮುಕ್ಕಾಲು ಇಂಚೇ ಬೇಕಾಗಿತ್ತು. ಪೈನ್ ಹಲಗೆಯೊಂದನ್ನು ಬಾಯಿಯ ಮೇಲ್ಭಾಗಕ್ಕೆ ಒತ್ತಿಹಿಡಿದು, ಎರಡೂವರೆ ಇಂಚಿನ ಸ್ಕ್ರೂಗಳನ್ನು ಜಿಪ್ಸಂ ದಾಟಿಸಿ ಒಳಗಿನ ತೊಲೆಗೆ ಹೊಡೆದರು. ಕೆಳಗೆ ಓಕ್ ಪಟ್ಟಿ ಕಾಲು ಇಂಚು ತಿಂದಿತ್ತು. ಉಳಿದದ್ದು ಎಂಬತ್ತೂವರೆ. ಬಾಗಿಲು ಕೇಳುವುದೂ ಸುಮಾರಾಗಿ ಅಷ್ಟನ್ನೇ.

ಗ್ಯಾರೇಜಿನಲ್ಲಿ ಒಣಗುತ್ತಿರುವ ಬಾಗಿಲನ್ನು ಒಮ್ಮೆ ಮುಟ್ಟಿ ನೋಡಿ. ಮರದ ಗೆರೆ ಕಾಣುತ್ತದೆ, ಆದರೆ ಮರವಲ್ಲ. ನಾರನ್ನು ಹಬೆಯಲ್ಲಿ ಬೇಯಿಸಿ ಒತ್ತಿದ ಗಟ್ಟಿ ಹಾಳೆ ಅದು. ಮಿಸಿಸಿಪಿಯ ಲಾರೆಲ್ ಊರಿನಲ್ಲಿ ವಿಲಿಯಂ ಮೇಸನ್ ಎಂಬಾತ ಗರಗಸದ ಮಿಲ್ಲುಗಳು ಎಸೆಯುತ್ತಿದ್ದ ಚಕ್ಕೆಚೂರುಗಳಿಂದ ಇಂಥ ಹಲಗೆ ಒತ್ತುವುದನ್ನು ಕಂಡುಕೊಂಡದ್ದು 1924ರಲ್ಲಿ, ಮೇಸನೈಟ್ ಎಂಬ ಹೆಸರು ಬಂದದ್ದು ಅವನಿಂದಲೇ. ಒಳಗೆ ಜೇನುಹುಟ್ಟಿನ ಕಣ್ಣುಗಳಂತೆ ಮಡಚಿದ ರಟ್ಟು. ಸುತ್ತ ಮಾತ್ರ ನಿಜವಾದ ಮರದ ಪಟ್ಟಿ, ಕೀಲು ಕೂರುವುದು ಅದರಲ್ಲಿ. ಅಪ್ಪಯ್ಯ ಒಂದು ಜೋಡಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. ಹಲಸಿನ ಬಾಗಿಲನ್ನು ಇಬ್ಬರು ಆಳು ಹೊತ್ತು ತಂದದ್ದನ್ನು ಕಂಡ ಕೈ ಅದು. ಆದರೂ ಅವರು ಇದನ್ನು ಹಳಿಯಲಿಲ್ಲ. "ಬಟ್ಟೆಗೂಡಿಗೆ ಇಷ್ಟು ಸಾಕು" ಎಂದರು. ನನ್ನ ಅಭಿಪ್ರಾಯವೂ ಅದೇ. ಮುಖ್ಯದ್ವಾರಕ್ಕೆ ಬೇಕಾದ ಗಟ್ಟಿತನವನ್ನು ಬಟ್ಟೆಯ ಗೂಡಿಗೂ ಕೇಳುವುದು ಮರಕ್ಕೆ ಮಾಡುವ ಅನ್ಯಾಯ.

ಮಧ್ಯಾಹ್ನದ ಊಟ ಮುಗಿದು, ಪೇಂಟು ಬೆರಳಿಗೆ ಅಂಟುವುದು ನಿಂತ ಮೇಲೆ, ಟ್ರ್ಯಾಕು ಹತ್ತಿತು. ಐದಡಿ ಉದ್ದದ ಉಕ್ಕಿನ ಕಾಲುವೆಯನ್ನು ಹ್ಯಾಕ್ಸಾದಲ್ಲಿ ಚೂರು ಕೊಯ್ದು, ಅಂಚನ್ನು ಅರದಿಂದ ಉಜ್ಜಿ, ಅದರ ಎರಡು ತುದಿಗೂ ಕೀಲಿನ ಕ್ಲ್ಯಾಂಪು ತೂರಿಸಿ, ಮೇಲಿನ ಪೈನ್ ಹಲಗೆಯ ನಡುಗೆರೆಗೆ ಸರಿಯಾಗಿ ಸ್ಕ್ರೂ ಮಾಡಿದರು. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯಬೇಕು, ಇಲ್ಲವಾದರೆ ಹಲಗೆ ಸೀಳುತ್ತದೆ. ಡ್ರಿಲ್ಲಿನ ಗುಯ್‌ಗುಟ್ಟುವಿಕೆ, ನಿಂತಾಗ ಉದುರುವ ಬಿಳಿ ಪುಡಿ, ಏಣಿಯ ಮೇಲಿನಿಂದ "ಇನ್ನೊಂದು ಕೊಡಿ" ಎಂದು ಚಾಚುವ ಕೈ, ಆ ಕೈಗೆ ಒಂದೊಂದೇ ಸ್ಕ್ರೂ ಇಡುವ ಮಗು. ಆಮೇಲೆ ನೆಲದ ಮೂಲೆಗೆ ಎಲ್ ಆಕಾರಕ್ಕೆ ಬಾಗಿದ ಕಬ್ಬಿಣದ ತುಂಡು. ಅದರ ಒಂದು ತೋಳು ಗೋಡೆಯೊಳಗಿನ ಕಂಬಕ್ಕೆ, ಇನ್ನೊಂದು ಓಕ್ ಪಟ್ಟಿಗೆ. ಮೇಲಿನ ಕ್ಲ್ಯಾಂಪಿನಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರು. ಗುಂಡು ಓಲಾಡಿ ನಿಂತ ಜಾಗಕ್ಕೆ ಪೆನ್ಸಿಲ್ಲಿನ ಚುಕ್ಕೆ. ವಾಲಿದ ಗೋಡೆಯನ್ನು ಯಾರೂ ಕೇಳಲಿಲ್ಲ, ಗುಂಡಿನ ಮಾತನ್ನಷ್ಟೇ ಕೇಳಿದರು.

ಈಗ ಬಾಗಿಲು. ಮನೆಯಾತ ಒಂದು ಜೋಡಿಯನ್ನು ಮಡಚಿಕೊಂಡೇ ತಂದು, ಕೆಳಗಿನ ಹಲ್ಲಿನ ಕೀಲನ್ನು ನೆಲದ ತುಂಡಿನ ಕಚ್ಚಿನಲ್ಲಿ ಕೂರಿಸಿದ. ಮೇಲಿನ ಕೀಲು ಸ್ಪ್ರಿಂಗಿನದು, ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತದೆ. ಮನೆಯಾಕೆ ಒತ್ತಿಹಿಡಿದು, ಬಾಗಿಲನ್ನು ನೆಟ್ಟಗೆ ತಂದು, ಬೆರಳು ಬಿಟ್ಟಳು. ಟಕ್. ಕೀಲು ಮೇಲಿನ ತೂತಿಗೆ ಹಾರಿ ಕೂತಿತು. ಮುಂದಿನ ಹಲಗೆಯ ತಲೆಯಲ್ಲಿದ್ದ ಸಣ್ಣ ಉರುಳೆಯನ್ನು ಟ್ರ್ಯಾಕಿನೊಳಗೆ ಸೇರಿಸಿದಳು. ಎಳೆದರೆ ಬಾಗಿಲು ಸದ್ದಿಲ್ಲದೆ ಬಿಚ್ಚಿಕೊಂಡಿತು.

ಅಪ್ಪಯ್ಯ ಬಗ್ಗಿ ಕೆಳಗಿನ ಕೀಲನ್ನೇ ನೋಡುತ್ತಿದ್ದರು.

"ಇದು ನಮ್ಮ ಹಳೇಮನೆ ಬಾಗಿಲೇ ಅಲ್ಲವನೇ? ಅದಕ್ಕೆ ಕಬ್ಬಿಣ ಅನ್ನೋದೇ ಇರಲಿಲ್ಲ. ಹಲಗೆಯಲ್ಲೇ ಕಡೆದ ಗುಬ್ಬಿ, ಮೇಲೊಂದು ಕೆಳಗೊಂದು. ಹೊಸ್ತಿಲಿನ ಕುಳಿಯಲ್ಲಿ ತಿರುಗೋದು."

"ಕಿರ್ ಅಂತ ಸದ್ದು ಬರ್ತಿತ್ತಲ್ಲ ಅಪ್ಪಯ್ಯ, ನನಗೆ ನೆನಪಿದೆ."

"ಕೊಬ್ಬರಿ ಎಣ್ಣೆ ಬಿಟ್ಟರೆ ನಿಲ್ತಿತ್ತು. ಎಣ್ಣೆ ಕುಡಿಕೆ ಬಾಗಿಲ ಹತ್ತಿರವೇ ಇರ್ತಿತ್ತು."

ಅವರು ಹೇಳಿದ್ದು ನಿಜ. ಮಲೆನಾಡಿನ ಹಳೆಯ ಮನೆಗಳಲ್ಲಿ, ಕೋಟೆ ಕೊತ್ತಲ ದೇಗುಲಗಳ ಕಲ್ಲಿನ ಬಾಗಿಲವಾಡಗಳಲ್ಲಿ, ಮೇಲೊಂದು ಕೆಳಗೊಂದು ಕುಳಿ ಇಂದಿಗೂ ಕಾಣುತ್ತದೆ. ಪಕ್ಕಕ್ಕೆ ಹೊಡೆದ ಹಿಂಜಿನಲ್ಲಿ ಬಾಗಿಲಿನ ಭಾರವೆಲ್ಲ ಚೌಕಟ್ಟಿನ ಬದಿಯಿಂದ ಜೋತುಬೀಳುತ್ತದೆ. ಕೀಲಿನ ಮೇಲೆ ನಿಂತ ಬಾಗಿಲಿನ ಭಾರ ನೇರ ನೆಲಕ್ಕೆ ಇಳಿಯುತ್ತದೆ. ಎಷ್ಟು ಶತಮಾನ ಕಳೆದರೂ, ಕಲ್ಲು ಹೋಗಿ ಉಕ್ಕು ಬಂದರೂ, ಈ ಉಪಾಯ ಬದಲಾಗದೆ ಉಳಿದಿರುವುದು ನನಗೆ ಬಹಳ ಸಂತೋಷದ ಸಂಗತಿ. ಹಳೆಯದಕ್ಕೆ ಇಲ್ಲದ ಒಂದು ಸೌಕರ್ಯ ಮಾತ್ರ ಹೊಸದಕ್ಕಿದೆ: ಕಲ್ಲಿನ ಕುಳಿಯನ್ನು ಸರಿಸಲಾಗುವುದಿಲ್ಲ, ಇದನ್ನು ಸರಿಸಬಹುದು.

ಆ ಸರಿಸುವಿಕೆಯಲ್ಲೇ ಮಧ್ಯಾಹ್ನದ ಉಳಿದರ್ಧ ಕಳೆಯಿತು. ಎರಡೂ ಜೋಡಿ ಮುಚ್ಚಿದಾಗ ನಡುವಿನ ಸಂದು ಮೇಲೆ ಕಿರಿದು, ಕೆಳಗೆ ಹಿರಿದು. ಮೇಲಿನ ಕ್ಲ್ಯಾಂಪಿನ ಸ್ಕ್ರೂ ಸಡಿಲಿಸಿ ಗೋಡೆಯ ಕಡೆಗೆ ಒಂದು ನೂಲು ತಳ್ಳಿದರು. ಕೆಳಗಿನ ಕೀಲನ್ನು ಎತ್ತಿ ಕಚ್ಚಿನ ಒಂದು ಹಲ್ಲು ಈಚೆಗೆ ಇಟ್ಟರು. ಬಲಗಡೆಯ ಜೋಡಿ ತುಸು ತಗ್ಗಿದೆ ಎಂದಾಗ ಮನೆಯಾಕೆ ಸ್ಪ್ಯಾನರ್ ಹಿಡಿದು ಕೆಳಗಿನ ಕೀಲಿನ ನಟ್ಟನ್ನು ತಿರುಗಿಸಿದಳು, ಬಾಗಿಲು ಕೂದಲೆಳೆಯಷ್ಟಾಗಿ ಮೇಲೇರಿತು. ಒಬ್ಬರು ತಿರುಗಿಸುವುದು, ಒಬ್ಬರು ಮಂಚದಾಚೆ ಹೋಗಿ ನಿಂತು ಸಂದು ನೋಡುವುದು, "ಇನ್ನೂ ಚೂರು", "ಹೆಚ್ಚಾಯ್ತು", "ಅಷ್ಟೇ, ಅಷ್ಟೇ". ಗೋಡೆಯ ಎರಡು ನೂಲಿನ ವಾಲು ಎಲ್ಲೂ ಹೋಗಿಲ್ಲ. ಬಾಗಿಲಿಗೂ ಗೋಡೆಗೂ ನಡುವೆ ಸಣ್ಣದೊಂದು ಬೆಣೆಯಾಕಾರದ ಸಂದಾಗಿ ಉಳಿದಿದೆ. ಅದರ ಮೇಲೊಂದು ತೆಳು ಪಟ್ಟಿ ಬಡಿದರೆ ಕಾಣುವುದಿಲ್ಲ.

"ಗೋಡೆ ನೆಟ್ಟಗೆ ಮಾಡೋದು ಬೇಡವನೇ?"

"ಅದು ಹಂಗೇ ಇರ್ಲಿ ಬಿಡಿ ಅಪ್ಪಯ್ಯ. ಬಾಗಿಲು ನೆಟ್ಟಗೆ ನಿಂತ್ರೆ ಸಾಕು."

ಹಿಡಿಗೆ ತೂತು ಕೊರೆಯುವ ಮೊದಲು ಸ್ವಲ್ಪ ಚರ್ಚೆಯಾಯಿತು. ಬಾಗಿಲುಗಳು ಕೂಡುವ ನಡುವಿನಲ್ಲೇ ಹಿಡಿ ಇಟ್ಟರೆ ಚೆಂದ ಎಂದು ಕಣ್ಣಿಗೆ ಅನ್ನಿಸುತ್ತದೆ, ಆದರೆ ಅಲ್ಲಿ ಹಿಡಿದೆಳೆದರೆ ಹಲಗೆ ಮಡಚುವುದಿಲ್ಲ, ಬರೀ ಅದುರುತ್ತದೆ. ಮುಂದಿನ ಹಲಗೆಯಲ್ಲಿ, ಎರಡು ಹಲಗೆ ಕೂಡುವ ಕೀಲಿಗೆ ಹತ್ತಿರವಾಗಿ ಇಟ್ಟರೆ ಒಂದೇ ಬೆರಳಿಗೆ ಮಡಚಿಕೊಳ್ಳುತ್ತದೆ. ಮೂರು ಅಡಿ ಎತ್ತರಕ್ಕೆ ಚುಕ್ಕೆ ಇಟ್ಟು ಕೊರೆದರು. ಮನೆಯಾಕೆ ಮಗುವನ್ನು ಕರೆದು ಕೂರಿಸಿ, ಮಡಚುವಾಗ ಹಲಗೆಗಳ ನಡುವಿನ ಸಂದಿಗೆ ಬೆರಳು ಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ಒಂದು ಪೆನ್ಸಿಲ್ ಇಟ್ಟು ತೋರಿಸಿದಳು. ಪೆನ್ಸಿಲ್ ಮುರಿದ ಸದ್ದಿಗೆ ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿತು. ಸಣ್ಣ ಮಕ್ಕಳಿರುವ ಮನೆಯಲ್ಲಿ ಈ ಪಾಠವಿಲ್ಲದೆ ಕೆಲಸ ಮುಗಿಯಿತು ಎನ್ನಬಾರದು.

ಕಪಾಟು ತೆರೆದುಕೊಂಡಿತು, ಇಡಿಯಾಗಿ. ಎಡಗಡೆಯ ಅಂಗಿಗಳು, ಬಲಗಡೆಯ ಕೋಟುಗಳು, ನಡುವಿನ ಶೆಲ್ಫಿನ ಸೀರೆಗಳ ಅಷ್ಟೂ ಬಣ್ಣ ಒಂದೇ ನೋಟಕ್ಕೆ. ಪೇಂಟಿನ ವಾಸನೆಯನ್ನು ಮೀರಿ ಲಾವಂಚ ಹೊರಬಂತು.

ಕನ್ನಡಿಗಳನ್ನು ಏನು ಮಾಡುವುದು? ಇಂಥ ಗಾಜನ್ನು ಬಾಟಲಿಗಳ ಜೊತೆ ಮರುಬಳಕೆಯ ಡಬ್ಬಿಗೆ ಹಾಕುವಂತಿಲ್ಲ, ಹಿಂಬದಿಯ ಲೇಪ ಅದಕ್ಕೆ ಅಡ್ಡಿ. ಎರಡು ಬೀದಿ ಆಚೆ, ಗ್ಯಾರೇಜಿನಲ್ಲಿ ಭರತನಾಟ್ಯ ಹೇಳಿಕೊಡುವವರೊಬ್ಬರಿಗೆ ಫೋನು ಹೋಯಿತು. ಅವರು ವ್ಯಾನು ತಂದರು. ಹಾಸಿಗೆಯೊಂದನ್ನು ಹಾಸಿ ಕನ್ನಡಿಗಳನ್ನು ಅದರ ಮೇಲೆ ಅಂಚಿಗೆ ನಿಲ್ಲಿಸಿ ಕಟ್ಟುವಾಗ, ಮಗುವಿಗೆ ಶನಿವಾರದ ತರಗತಿಯಲ್ಲಿ ಜಾಗವಿದೆ ಎಂದೂ ಹೇಳಿದರು.

ಕಟ್ಟಿದ ಹಗ್ಗದ ಗಂಟನ್ನು ಅಪ್ಪಯ್ಯ ಇನ್ನೊಮ್ಮೆ ಬಿಗಿದರು. ಒಳಗೆ ಮನೆಯಾಕೆ ಸ್ಪ್ಯಾನರನ್ನು ಟೂಲ್‌ಬಾಕ್ಸಿಗೆ ಸೇರಿಸದೆ ಕಪಾಟಿನ ಮೇಲಿನ ಶೆಲ್ಫಿನಲ್ಲೇ ಇಟ್ಟಳು. ನವೆಂಬರಿನ ಮಳೆ ಬಿದ್ದು ಮಣ್ಣು ಉಬ್ಬಿದ ಮೇ‍ಲೆ ಕೀಲನ್ನು ಮತ್ತೆ ಅರ್ಧ ಸುತ್ತು ತಿರುಗಿಸಬೇಕಾಗುತ್ತದೆ. ಅಪ್ಪಯ್ಯ ಆಗಲೇ ಟೇಪು ಹಿಡಿದು ಮಗುವಿನ ಕೋಣೆಯ ಕ್ಲಾಸೆಟ್ಟಿನ ಕಡೆಗೆ ನಡೆದಿದ್ದರು.